ಗೆದ್ದೂ ಮನೆಗೆ ಹೋದ ಮಹಾರಾಣಿಯವರಿಗೆ

ಮಹಾರಾಣಿ ಅನ್ನಾ ಅವರ ಸನ್ನಿಧಾನಕ್ಕೆ,
ಮಾತೃನೌಕೆ, ನ್ಯೂಯಾರ್ಕ್ ನಗರದ ನೆತ್ತಿಯ ಮೇಲೆ

ಭೂಲೋಕದ ಸಾಮಾನ್ಯ ವೀಕ್ಷಕನೊಬ್ಬನ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮ ಸಮಾಚಾರ ತಿಳಿಯದೆ ವರ್ಷಗಳೇ ಆದವು. ಅದಕ್ಕೇ ಈ ಪತ್ರ.

ನ್ಯಾಯವಾಗಿ ನೋಡಿದರೆ ನಾವು ಕ್ಷೇಮವಾಗಿರಬಾರದಿತ್ತು. 2011ರ ಮಾರ್ಚ್ 15, ಮಂಗಳವಾರ ರಾತ್ರಿ, ಅಮೆರಿಕದ ಎಬಿಸಿ ವಾಹಿನಿಯಲ್ಲಿ, ತಾವೂ ತಮ್ಮ ಅನ್ಯಗ್ರಹದ ಪರಿವಾರವೂ ಭೂಮಿಗಿಳಿಯುವ ‘ವಿ’ ಧಾರಾವಾಹಿಯ ಎರಡನೇ ಸೀಸನ್ನಿನ ಕೊನೆಯ ಕಂತು ಪ್ರಸಾರವಾಯಿತು. ಆ ರಾತ್ರಿ ತಾವು ಮನುಕುಲವನ್ನು ಗೆದ್ದಿರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೆದ್ದು ಎರಡು ತಿಂಗಳು ತುಂಬುವುದರೊಳಗೆ, ಮೇ 13ಕ್ಕೆ, ವಾಹಿನಿಯವರು ತಮ್ಮನ್ನೇ ಮನೆಗೆ ಕಳಿಸಿದರು. ಭೂಮಿಯ 29 ಮಹಾನಗರಗಳ ಮೇಲೆ ನೌಕೆ ತಂದು ನಿಲ್ಲಿಸಿದ ಸಾಮ್ರಾಜ್ಞಿಗೆ ಬೀಳ್ಕೊಡುಗೆ ಅಂತ ಒಂದು ಕಂತೂ ಸಿಗಲಿಲ್ಲ.

ಆ ಕಂತಿನ ಹೆಸರು ‘ಮದರ್ಸ್ ಡೇ’. ಹೆಸರಿಟ್ಟ ಪುಣ್ಯಾತ್ಮರಿಗೆ ಒಂದು ಸಲಾಮು. ತಾಯಂದಿರ ದಿನವನ್ನು ತಮ್ಮಷ್ಟು ಶ್ರದ್ಧೆಯಿಂದ ಆಚರಿಸಿದವರು ಬ್ರಹ್ಮಾಂಡದಲ್ಲೇ ಇರಲಾರರು. ವರ್ಷಗಟ್ಟಲೆ ನೌಕೆಯ ತಳದಲ್ಲಿ ಕೂಡಿಹಾಕಿದ್ದ ಹೆತ್ತ ತಾಯಿ ಡಯಾನಾ ಅಂತೂ ಹೊರಗೆ ಬಂದು, ಎತ್ತರದಲ್ಲಿ ನಿಂತು, ಪ್ರಜೆಗಳನ್ನು ಉದ್ದೇಶಿಸಿ ನಾಲ್ಕು ಮಾತಾಡುತ್ತಿದ್ದರೆ, ಹಿಂದಿನಿಂದ ಬಂದು ಬಾಲದಿಂದ ಇರಿದಿರಿ. ಭಾಷಣ ಮುಗಿಯುವವರೆಗಾದರೂ ಕಾಯಬಹುದಿತ್ತು. ಮಗಳು ಲೀಸಾಳನ್ನು ಸೆರೆಗೆ ತಳ್ಳಿದಿರಿ. ಅವಳದೇ ಮುಖ ಹೊತ್ತ ಇನ್ನೊಬ್ಬ ಮಗಳನ್ನು ಪ್ರತಿರೋಧ ದಳದ ಎರಿಕಾಳ ಮಗ ಟೈಲರ್ ಹತ್ತಿರ ಕಳಿಸಿ, ಪ್ರೇಮದ ಹೆಸರಲ್ಲಿ ಅವನ ಕಥೆಯನ್ನೂ ಮುಗಿಸಿದಿರಿ. ಅದನ್ನೆಲ್ಲ ಲೀಸಾ ಕೂತು ನೋಡುವ ಹಾಗೆ ಏರ್ಪಾಡು ಬೇರೆ. ಬಂಡಾಯಗಾರ ರಯಾನ್ ತನ್ನ ಸ್ವಂತ ಮಗಳು ಏಮಿಯಿಂದಲೇ ಸತ್ತ. ಜಾಹೀರಾತು ಕಳೆದರೆ ಮುಕ್ಕಾಲು ಗಂಟೆಗೂ ಕಡಿಮೆ ಹೊತ್ತಿನ ಕೆಲಸ ಇದೆಲ್ಲ.

ಒಂದು ದೃಶ್ಯಕ್ಕೆ ಮಾತ್ರ ನಾನು ಇವತ್ತಿಗೂ ಶರಣು. ಲೀಸಾ ತಮ್ಮನ್ನು ಮುಗಿಸಲೆಂದೇ ಬಂದು ಎದುರು ನಿಂತಿದ್ದಾಳೆ. ಮನುಷ್ಯರ ಭಾವನೆಗಳನ್ನು ಅಂಟುರೋಗವೆಂದು ಬಗೆದು, ಆತ್ಮ ದೇಹದ ಯಾವ ಮೂಲೆಯಲ್ಲಿದೆ ಎಂದು ಸೀಸನ್ನಿಡೀ ಹುಡುಕಿಸಿದ ತಾವು, ಅವಳೆದುರು ಅತ್ತಿರಿ. ಅದು ನಿಜವಾದ ಅಳುವೋ ನಾಟಕವೋ? ತಮ್ಮ ಪಾತ್ರ ವಹಿಸಿದ ಮೊರೇನಾ ಬ್ಯಾಕರಿನ್ ಅದನ್ನು ಎರಡರ ನಡುವೆ ಹಾಗೇ ನಿಲ್ಲಿಸಿಬಿಟ್ಟರು. ಲೀಸಾಳ ಕೈ ತಡೆಯಿತು. ತಾವು ಉಳಿದಿರಿ. ಧಾರಾವಾಹಿಯೂ ಇಷ್ಟು ಚೆನ್ನಾಗಿ ಯೋಚಿಸಬಲ್ಲದು ಅಂತ ತಿಳಿದದ್ದು ಅದು ಮುಗಿಯುವ ರಾತ್ರಿ.

ಇನ್ನು ತಮ್ಮ ದಿಗ್ವಿಜಯದ ವಿಧಾನ. ಎಚ್.ಜಿ. ವೆಲ್ಸ್ 1898ರಲ್ಲಿ ಮಂಗಳ ಗ್ರಹದವರನ್ನು ಇಳಿಸಿದಾಗ ಅವರು ಬಂದವರೇ ಸುಟ್ಟರು, ಹೊಗೆ ಬಿಟ್ಟರು. ತಾವು ಹಾಗಲ್ಲ. ಚಿಕಿತ್ಸಾ ಕೇಂದ್ರ ತೆರೆದಿರಿ, ಹುಡುಗರಿಗೆ ಸಮವಸ್ತ್ರ ಕೊಟ್ಟು ಶಾಂತಿ ರಾಯಭಾರಿ ಎಂದಿರಿ, ಬಿಟ್ಟಿ ಇಂಧನದ ಆಸೆ ತೋರಿಸಿದಿರಿ. ಮಾತೆತ್ತಿದರೆ ಶಾಂತಿ. ಕಡೆಗೆ ಏಮಿಯ ಕೈಯಿಂದ ಭೂಮಿಯ ಮೇಲಿನ ಜನಕ್ಕೆಲ್ಲ ತಮ್ಮ ಆ ‘ಬ್ಲಿಸ್’ ಎಂಬ ಪರಮಾನಂದವನ್ನು ಹಂಚಿಸಿದಿರಿ. ಬೀದಿಬೀದಿಯಲ್ಲಿ ಜನ ಕತ್ತೆತ್ತಿ ನಗುತ್ತಾ ನಿಂತರು. ತಮ್ಮ ವಿರುದ್ಧ ಗುಂಡು ಹಾರಿಸಲೂ ಕಲಿತಿದ್ದ ಪಾದ್ರಿ ಜ್ಯಾಕ್ ಕೂಡ ಅದೇ ಸಾಲಿನಲ್ಲಿ.

ತಮ್ಮ ರಾಜ್ಯಭಾರದ ಜಾಣತನವೆಲ್ಲ ಇದ್ದದ್ದು ಚಾಡ್ ಡೆಕರ್ ಎಂಬ ಟಿವಿ ನಿರೂಪಕನ ಪ್ರಸಂಗದಲ್ಲಿ. ಮೊದಲ ಕಂತು ನೆನಪಿದೆಯೇ? ನೇರ ಸಂದರ್ಶನಕ್ಕೆ ಕೆಲವೇ ಕ್ಷಣ ಉಳಿದಿರುವಾಗ, ನಮ್ಮ ಬಗ್ಗೆ ಕೆಟ್ಟ ಅಭಿಪ್ರಾಯ ಬರುವಂಥ ಪ್ರಶ್ನೆ ಕೇಳಬೇಡಿ ಎಂದು ತಾವು ನಯವಾಗಿ ಹೇಳಿದಿರಿ. ಆತ ಒಂದು ಕ್ಷಣ ಕಂಗಾಲಾದ. ಕ್ಯಾಮೆರಾ ಚಾಲೂ ಆಯಿತು. ಕೇಳಲಿಲ್ಲ. 1983ರಲ್ಲಿ ಎನ್‌ಬಿಸಿಗಾಗಿ ಕೆನೆತ್ ಜಾನ್ಸನ್ ಮಾಡಿದ ಮೂಲ ‘ವಿ’ಯಲ್ಲೂ ಒಬ್ಬ ಟಿವಿಯವನಿದ್ದ. ಮೈಕ್ ಡೊನೊವನ್ ಎಂಬ ಆ ಛಾಯಾಗ್ರಾಹಕ ಕಳ್ಳತನದಿಂದ ನೌಕೆಗೆ ನುಗ್ಗಿ, ಆ ಕಥೆಯ ಖಳನಾಯಕಿ, ಅಂದಿನ ಡಯಾನಾ ಇಡೀ ಗಿನಿಪಿಗ್ಗನ್ನು ನುಂಗುವುದನ್ನೇ ಚಿತ್ರೀಕರಿಸಿಕೊಂಡು ಬಂದಿದ್ದ. ಜಾನ್ಸನ್ ಆ ಕಥೆ ಕಟ್ಟಿದ್ದು ಅಮೆರಿಕದಲ್ಲಿ ಫ್ಯಾಸಿಸಂ ಬಂದರೆ ಏನಾದೀತು ಎಂದು ಸಿಂಕ್ಲೇರ್ ಲೂಯಿಸ್ 1935ರಲ್ಲಿ ಬರೆದ ಕಾದಂಬರಿಯಿಂದ ಪ್ರೇರಣೆ ಪಡೆದು. ಇಪ್ಪತ್ತಾರು ವರ್ಷದಲ್ಲಿ ನೌಕೆಗೆ ನುಗ್ಗುತ್ತಿದ್ದವನ ಜಾಗಕ್ಕೆ ನೌಕೆಯಿಂದ ಕರೆ ಬಂದರೆ ಟೈ ಸರಿಮಾಡಿಕೊಳ್ಳುವವನು ಬಂದ. ಇದರಲ್ಲಿ ತಮ್ಮ ಕೈವಾಡವೇನೂ ಇರಲಿಲ್ಲ, ತಾವು ಬರುವಷ್ಟರಲ್ಲಿ ಅವನು ತಯಾರಾಗೇ ಇದ್ದ.

ಇಷ್ಟೆಲ್ಲ ಜಾಣರಾದ ತಮಗೆ ಒಂದು ಮಾತ್ರ ಯಾರೂ ಹೇಳಿಕೊಡಲಿಲ್ಲ. ಆಗ ಭೂಮಿಯನ್ನು ನಿಜವಾಗಿ ಆಳುತ್ತಿದ್ದವರು ಹದಿನೆಂಟರಿಂದ ನಲವತ್ತೊಂಬತ್ತು ವಯಸ್ಸಿನ ಅಮೆರಿಕನ್ನರು. ಅವರಲ್ಲಿ ಎಷ್ಟು ಮಂದಿ ಟಿವಿ ಮುಂದೆ ಕೂತರು ಎಂಬ ಲೆಕ್ಕದ ಮೇಲೆ ಜಾಹೀರಾತಿನ ದರ ನಿಲ್ಲುತ್ತಿತ್ತು, ದರದ ಮೇಲೆ ಧಾರಾವಾಹಿ ನಿಲ್ಲುತ್ತಿತ್ತು. ಆ ಲೆಕ್ಕವನ್ನು ನೀಲ್ಸನ್ ಕಂಪನಿ ಒಂದಷ್ಟು ಸಾವಿರ ಮನೆಗಳಲ್ಲಿ ಯಂತ್ರ ಇಟ್ಟು ತೆಗೆಯುತ್ತಿತ್ತು. ವೆಲ್ಸ್‌ರ ಮಂಗಳದವರನ್ನು ಕೊಂದದ್ದು ಕಣ್ಣಿಗೆ ಕಾಣದ ರೋಗಾಣು. ತಮ್ಮನ್ನು ಕೊಂದದ್ದು ಸೋಫಾದಲ್ಲಿ ಕೂತು ಚಾನೆಲ್ ಬದಲಿಸಿದ ಈ ಕೆಲವು ಸಾವಿರ ಸಂಸಾರಗಳು. ಪ್ರತಿರೋಧ ದಳ ಎರಡು ಸೀಸನ್ ಓಡಾಡಿ ಮಾಡಲಾಗದ ಕೆಲಸವನ್ನು ಅವರು ರಿಮೋಟಿನಲ್ಲಿ ಮಾಡಿ ಮುಗಿಸಿದರು.

ಸೂಚನೆ ಮೊದಲೇ ಇತ್ತು. 2009ರ ನವೆಂಬರ್ 3ರಂದು ತಾವು ಇಳಿದಾಗ ನೋಡಿದವರು ಸುಮಾರು 1.4 ಕೋಟಿ ಜನ. ನಾಲ್ಕು ಕಂತು ಹಾಕಿ, ಮುಂದಿನ ಮಾರ್ಚ್ ಕೊನೆಯವರೆಗೆ ಅಂಗಡಿ ಮುಚ್ಚಿದರು. ಆಕ್ರಮಣವನ್ನು ಅರ್ಧಕ್ಕೆ ಬಿಟ್ಟು ರಜೆ ಹಾಕಿದ ದಂಡಯಾತ್ರೆ ಚರಿತ್ರೆಯಲ್ಲೇ ಬೇರೆ ಇರಲಾರದು! ಜನ ಕಾಯುತ್ತಾರೆಯೇ? ಎರಡನೇ ಸೀಸನ್ನಿಗೆ ಹದಿಮೂರು ಕಂತು ಎಂದವರು ಹತ್ತಕ್ಕೆ ಇಳಿಸಿದರು. ಕೊನೆಯ ಕಂತಿನ ಹೊತ್ತಿಗೆ ನೋಡುವವರು ಅರ್ಧಕ್ಕಿಂತಲೂ ಕಡಿಮೆ. ಗೋಡೆಯ ಮೇಲಿನ ಬರಹ ಇಷ್ಟು ದಪ್ಪಗಿರುವಾಗಲೂ ತಮ್ಮ ಆಸ್ಥಾನ ಕಥೆಗಾರರು ಒಂದು ಗಂಟನ್ನೂ ಬಿಚ್ಚಲಿಲ್ಲ. ಇನ್ನೂ ನಾಲ್ಕು ಬಿಗಿದರು.

ಯಾಕೆಂದು ಈಗ ಅರ್ಥವಾಗಿದೆ. ಸೀಸನ್ನಿನ ಕೊನೆಯ ಕಂತು ನಮಗಾಗಿ ಬರೆದದ್ದೇ ಅಲ್ಲ. ಅದು ವಾಹಿನಿಯ ಸಾಹೇಬರಿಗೆ ಬರೆದ ಅರ್ಜಿ. ದಯಮಾಡಿ ಇನ್ನೊಂದು ವರ್ಷ ಮುಂದುವರಿಸಬೇಕಾಗಿ ಕೋರಿಕೆ. ಲಗತ್ತು: ಹೆಣ ಮೂರು, ಸೆರೆವಾಸಿ ಒಬ್ಬಳು, ಪರಮಾನಂದದಲ್ಲಿರುವ ಪಾದ್ರಿ ಒಬ್ಬರು. ವೀಕ್ಷಕರಿಗೆ ಕಳಿಸಿದ್ದು ಬರೀ ಪ್ರತಿ, ಮಾಹಿತಿಗಾಗಿ.

ನಮ್ಮ ಕನ್ನಡ ವಾಹಿನಿಗಳ ದಿನದ ಧಾರಾವಾಹಿಗಳನ್ನು ನಾನೂ ಬೈಯುವವನೇ. ಆದರೆ ಒಂದು ವಿಷಯದಲ್ಲಿ ಅವರು ಮರ್ಯಾದಸ್ಥರು. ‘ಮುಗಿಸಿ’ ಎಂದು ಮೇಲಿನಿಂದ ಮಾತು ಬಂದರೆ, ಮೂರು ವರ್ಷ ಹಾಲಿಗೆ ವಿಷ ಹಾಕಿದ ಅತ್ತೆ ಸೋಮವಾರ ಪಶ್ಚಾತ್ತಾಪ ಪಡುತ್ತಾಳೆ, ಬುಧವಾರ ಕೋಮಾದಲ್ಲಿದ್ದ ಮಾವ ಕಣ್ಣು ಬಿಡುತ್ತಾನೆ, ಶುಕ್ರವಾರ ಎಲ್ಲರೂ ರೇಷ್ಮೆ ಉಟ್ಟು ಸತ್ಯನಾರಾಯಣ ಪೂಜೆಗೆ ಕೂರುತ್ತಾರೆ. ಶುಭಂ. ನಗು ಬರುತ್ತದೆ, ಸರಿ. ಬಾಕಿ ಮಾತ್ರ ಚುಕ್ತಾ.

ತಮ್ಮ ವಂಶಕ್ಕೆ ಈ ಬಾಕಿ ಹಳೆಯದು. 1984ರಲ್ಲಿ ಶುರುವಾದ ವಾರದ ‘ವಿ’ ಹತ್ತೊಂಬತ್ತು ಕಂತಿಗೆ ನಿಂತಿತು. ಅದರ ಕೊನೆಯಲ್ಲಿ ಎಲಿಜಬೆತ್ ಎಂಬ ಹುಡುಗಿ ಶಾಂತಿಗಾಗಿ ನೌಕೆ ಹತ್ತಿ ಹೊರಡುತ್ತಾಳೆ, ಅದರೊಳಗೆ ಡಯಾನಾ ಇಟ್ಟ ಬಾಂಬಿದೆ. 1985ರಿಂದ ಅದು ಸಿಡಿಯಬೇಕೋ ಬೇಡವೋ ಎಂದು ಯೋಚಿಸುತ್ತಿದೆ. ಆ ಕಾಲದ ಮೈಕ್ ಡೊನೊವನ್ ಆಗಿದ್ದ ಮಾರ್ಕ್ ಸಿಂಗರ್ ಅವರನ್ನೇ ತಮ್ಮ ಕೊನೆಯ ಕಂತಿಗೂ ಕರೆಸಿದರು. ಈ ಸಲ ಅವರು ಲಾರ್ಸ್ ಟ್ರೆಮಾಂಟ್. ನೆಲದಡಿಯ ಗುಪ್ತ ಕೇಂದ್ರವೊಂದರಲ್ಲಿ ಎರಿಕಾಳನ್ನು ಬರಮಾಡಿಕೊಂಡು, ಹೋರಾಡುವವರು ಇನ್ನೂ ಇದ್ದಾರೆ ಎಂದು ತೋರಿಸುತ್ತಾರೆ. ಅಷ್ಟರಲ್ಲಿ ಧಾರಾವಾಹಿಯೇ ಮುಗಿಯಿತು. ಅವರ ಕಾಲ್ಗುಣವನ್ನು ಯಾರಾದರೂ ಮೊದಲೇ ವಿಚಾರಿಸಬೇಕಿತ್ತು.

ತಮ್ಮಲ್ಲಿ ನನ್ನ ಅರಿಕೆ ಇಷ್ಟೇ. ಲೀಸಾಳಿಗೆ ಹೊತ್ತುಹೊತ್ತಿಗೆ ಊಟ ಕೊಡುತ್ತಿರುವವರು ಯಾರು, ತಿಳಿಸಿ. ಎರಿಕಾಳಿಗೆ ಮಗ ಸತ್ತ ಸುದ್ದಿಯನ್ನಾದರೂ ಮುಟ್ಟಿಸಿ. ತಾಯಿ ಅವಳು, ಇನ್ನೂ ಆ ನೆಲಮಾಳಿಗೆಯಲ್ಲೇ ನಿಂತಿದ್ದಾಳೆ. ಫಾದರ್ ಜ್ಯಾಕ್ ಅವರ ಕತ್ತು ಕೆಳಗಿಳಿಸಲು ಅಪ್ಪಣೆ ಕೊಡಿ. ಜಾನ್ಸನ್ 2018ರಲ್ಲಿ ಸಾಲಾಗಿ ಮೂರು ಚಲನಚಿತ್ರ ಮಾಡುವುದಾಗಿ ಸಾರಿದ್ದರು. ಅದನ್ನು ನಂಬಿಕೊಂಡು ತಾವು ಮತ್ತೆ ನೌಕೆ ಒರೆಸಿ ಇಟ್ಟುಕೊಂಡಿದ್ದರೆ, ಈ ಸಲ ಇಳಿಯುವ ಮೊದಲು ಕೊನೆಯ ಕಂತನ್ನು ಬರೆಸಿ ಬೀರುವಿನಲ್ಲಿಟ್ಟುಕೊಂಡು ಬನ್ನಿ.

ಮತ್ತೊಂದು ವಿಷಯ. ನಮ್ಮ ಕಡೆ ಕಚೇರಿಗಳಲ್ಲಿ ಅರ್ಜಿ ತಿರಸ್ಕೃತವಾದರೆ ಲಗತ್ತುಗಳನ್ನು ಅರ್ಜಿದಾರರಿಗೆ ಹಿಂತಿರುಗಿಸುವುದು ಪದ್ಧತಿ. ಅದರಂತೆ ಟೈಲರ್, ರಯಾನ್ ಮತ್ತು ತಮ್ಮ ತಾಯಿಯವರನ್ನು ಇದ್ದ ಸ್ಥಿತಿಯಲ್ಲೇ ವಾಪಸು ಕೊಡಿಸಿ, ಸ್ವೀಕೃತಿ ಪಡೆಯಬೇಕಾಗಿ ವಿನಂತಿ.

ಇತಿ,
ಆ ರಾತ್ರಿ ಪರಮಾನಂದ ಹಂಚುವಾಗ ಬಿಟ್ಟುಹೋದ ಒಬ್ಬ ವೀಕ್ಷಕ