ಗೇಟಿನಾಚೆ ಬೇರೆ ಸೀಮೆ

ಬೆಂಗಳೂರಿನ ಮೆಟ್ರೊ ನಿಲ್ದಾಣದ ಒಳಗೆ ನಾವು ಮುಂದುವರಿದ ದೇಶ. ನೆಲದಲ್ಲಿ ಉಬ್ಬುಗೆರೆಯ ಹಳದಿ ಹಾಸು, ಲಿಫ್ಟಿನ ಗುಂಡಿಯಲ್ಲಿ ಬ್ರೈಲ್, ಬಾಗಿಲು ಯಾವ ಕಡೆ ತೆರೆಯುತ್ತದೆಂದು ವಿನಯದಿಂದ ಹೇಳುವ ದನಿ. ಕಣ್ಣು ಕಾಣದವರು ಆ ಹಳದಿ ಜಾಡು ಹಿಡಿದರೆ ಯಾರ ಕೈಯೂ ಬೇಡದೆ ಗೇಟಿನವರೆಗೆ ಬರಬಹುದು. ಅಲ್ಲಿಗೆ ಮೆಟ್ರೊದ ಸೀಮೆ ಮುಗಿಯಿತು. ಮುಂದಿನದು ಪಾಲಿಕೆಯದು. ದಾಟಲು ಪಾಸ್‌ಪೋರ್ಟ್ ಬೇಕಿಲ್ಲ, ಜಿಗಿಯಲು ಬಂದರೆ ಸಾಕು.

ಈ ಹಾಸನ್ನು ಕಂಡುಹಿಡಿದವನು ಜಪಾನಿನ ಸೀಯಿಚಿ ಮಿಯಾಕೆ. ಮೊದಲು ಹಾಸಿದ್ದು 1967ರಲ್ಲಿ, ಒಕಾಯಾಮದ ಅಂಧರ ಶಾಲೆಯ ಹತ್ತಿರ. ಇಂದಿನ ಲೆಕ್ಕದಲ್ಲಿ ಉದ್ದಗೆರೆ ಎಂದರೆ ನಡೆ, ಚುಕ್ಕಿ ಎಂದರೆ ಎಚ್ಚರ. ನಮ್ಮ ಗುತ್ತಿಗೆದಾರರು ಈ ಲಿಪಿಗೆ ಮೂರನೆಯ ಸಂಕೇತವೊಂದನ್ನು ಸೇರಿಸಿದ್ದಾರೆ: ಗೆರೆ ನೇರವಾಗಿ ಮರದ ಬುಡಕ್ಕೋ ಟ್ರಾನ್ಸ್‌ಫಾರ್ಮರಿಗೋ ಹೋಗಿ ಮುಟ್ಟಿದರೆ, ಬಿಲ್ಲು ಪಾಸಾಗಿದೆ.

ಗಾಲಿಕುರ್ಚಿಯವರ ಪಾಡು ಇನ್ನೂ ರೋಚಕ. ಬೈಕುಗಳು ಫುಟ್‌ಪಾತ್ ಏರದಿರಲೆಂದು ಗೂಟಗಳನ್ನು ನೆಡುತ್ತಾರೆ. ಬೈಕಿನವನು ಸೊಂಟ ಬಳುಕಿಸಿ ನುಸುಳಿ ಹೋಗುತ್ತಾನೆ, ಕುರ್ಚಿ ಮಾತ್ರ ಈಚೆಗೇ ಉಳಿಯುತ್ತದೆ. ಫುಟ್‌ಪಾತಿನ ಅಂಚು 150 ಮಿಲಿಮೀಟರಿಗಿಂತ ಎತ್ತರವಿರಬಾರದು, ಇಳಿಜಾರು ಹನ್ನೆರಡಕ್ಕೆ ಒಂದರಂತಿರಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲೇ ಬರೆದಿಟ್ಟಿದೆ. ಹಾಗಂತ ಇಳಿಜಾರಿನ ವಿದ್ಯೆ ಈ ಊರಿಗೆ ಹೊಸದೇನಲ್ಲ. ಯಾವುದೇ ಬಡಾವಣೆಗೆ ಹೋಗಿ ನೋಡಿ, ಕಾರು ಹತ್ತಲೆಂದು ಮನೆಮನೆಯ ಮುಂದೆ ಮೇಸ್ತ್ರಿ ಒಂದೇ ಮಧ್ಯಾಹ್ನದಲ್ಲಿ ಇಳಿಜಾರು ಎಳೆದಿರುತ್ತಾನೆ, ಅರ್ಧ ಫುಟ್‌ಪಾತನ್ನೂ ನುಂಗಿಸಿ. ಗಾಲಿಕುರ್ಚಿಗೆ ಅಂದ ತಕ್ಷಣ ಅದೇ ಇಳಿಜಾರಿಗೆ ಸಲಹೆಗಾರರು ಬೇಕು, ಸಮೀಕ್ಷೆ ಬೇಕು, ಟೆಂಡರ್ ಬೇಕು, ಸಾಧ್ಯವಾದರೆ ಸಿಂಗಪುರದ ಅಧ್ಯಯನ ಪ್ರವಾಸವೂ ಬೇಕು.

ರಸ್ತೆ ದಾಟಬೇಕೆ? ಸ್ಕೈವಾಕ್ ಇದೆಯಲ್ಲ! ಎರಡೂ ಕಡೆ ಮೆಟ್ಟಿಲಿರುವ ಜಾಹೀರಾತು ಫಲಕಕ್ಕೆ ನಮ್ಮಲ್ಲಿ ಇಟ್ಟಿರುವ ಹೆಸರು ಅದು. ಲಿಫ್ಟ್ ಇದ್ದರೂ ಅದಕ್ಕೆ ಬೀಗ ಇರುತ್ತದೆ, ಫಲಕದ ದೀಪಕ್ಕೆ ಮಾತ್ರ ಕರೆಂಟು ಎಂದೂ ಹೋಗುವುದಿಲ್ಲ. ಇದರ ಹಿಂದಿನ ತತ್ತ್ವ ಗಮನಿಸಿ: ಎಂಜಿನ್ ಇರುವವನು ಸಮತಟ್ಟಾಗಿ ಹೋಗಬೇಕು, ಮಂಡಿನೋವಿನ ಅಜ್ಜಿ ಹತ್ತಿ ಇಳಿಯಬೇಕು. ಆ ಅಜ್ಜಿ ಅರ್ಧ ಕಿಲೋಮೀಟರಿಗೆ ಆಟೊ ಹಿಡಿದರೆ, ಜನ ಯಾಕೆ ನಡೆಯುವುದಿಲ್ಲವೆಂದು ವಿಚಾರ ಸಂಕಿರಣ ನಡೆಯುತ್ತದೆ. ಅಲ್ಲಿ ಫೀಡರ್ ಬಸ್ಸು, ಬಾಡಿಗೆ ಸ್ಕೂಟರ್, ಆ್ಯಪ್ ಎಲ್ಲ ಚರ್ಚೆಯಾಗುತ್ತವೆ. ಮೋರಿಯ ಮೇಲಿನ ಕಿತ್ತುಹೋದ ಚಪ್ಪಡಿಯ ಬಗ್ಗೆ ಪವರ್‌ಪಾಯಿಂಟ್ ಮಾಡುವವರು ಯಾರು?

ಕಾನೂನು ಇಲ್ಲವೆಂದಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂತು. ಅದರಡಿಯ ಸುಗಮ್ಯತೆಯ ಮಾನದಂಡಗಳನ್ನು ಬರೀ ಸಲಹೆಯ ಮಟ್ಟದಲ್ಲಿ ಇಟ್ಟರೆ ಆಗದು, ಕಡ್ಡಾಯ ಮಾಡಿ ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಬೇಕಾಯಿತು. 2025ರ ಮೇ ತಿಂಗಳಲ್ಲಿ ಅದೇ ಕೋರ್ಟು, ನಡೆಯಲು ಯೋಗ್ಯವಾದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯಡಿ ಬದುಕುವ ಹಕ್ಕಿನ ಭಾಗವೇ ಎಂದಿತು. ಇನ್ನು ಈ ಆದೇಶಗಳ ಪ್ರತಿ ಮೆಟ್ರೊದಿಂದ ಪಾಲಿಕೆಗೆ, ಪಾಲಿಕೆಯಿಂದ ಬೆಸ್ಕಾಂಗೆ, ಅಲ್ಲಿಂದ ಜಲಮಂಡಳಿಗೆ, ಕೊನೆಗೆ ಸಂಚಾರ ಪೊಲೀಸರಿಗೆ ಹೋಗಬೇಕಲ್ಲ? ಫೈಲಿಗೇನೂ ತೊಂದರೆಯಿಲ್ಲ ಬಿಡಿ, ಅದು ಇಲಾಖೆಯ ಜೀಪಿನಲ್ಲಿ ಹೋಗುತ್ತದೆ.