ಒಂದೂವರೆ ಸ್ನಾಯುವಿನ ಧಣಿ

ಬೀರೂರು ಜಂಕ್ಷನ್ನಿನ ಕಲ್ಲುಬೆಂಚು. ಶಿವಮೊಗ್ಗದ ಗಾಡಿಗೆ ಕಾದಿದ್ದ ಅಡಿಕೆ ವ್ಯಾಪಾರಿಯೊಬ್ಬರು ಮೊಳಕೈ ಮಡಚಿ, ಮೊಬೈಲನ್ನು ಕಿವಿಗೆ ಒತ್ತಿಕೊಂಡು ಧಾರಣೆ ವಿಚಾರಿಸುತ್ತಿದ್ದರು. ಮಾತು ಮುಗಿಯುವ ಲಕ್ಷಣವಿರಲಿಲ್ಲ. ಅದೇ ಮೊಳಕೈಯ ಒಳಬದಿಯ ಎಲುಬಿನ ಹಿಂದೆ ಸಿಕ್ಕಿಬಿದ್ದಿದ್ದ ಅಲ್ನಾರ್ ನರ ಪತ್ರಿಕೆಯ ವರದಿಗಾರನ ಕೈಗೆ ಸಿಕ್ಕಿತು.

‘ಹೇಗಿದ್ದೀರಿ?’

‘ಕಾಣ್ತಿಲ್ವೇ? ಇವರು ಮಡಚಿದಷ್ಟೂ ನಾನು ಬಿಗಿಯಬೇಕು. ಇಲ್ಲಿ ನನಗೆ ಮಾಂಸದ ಹೊದಿಕೆಯೂ ಇಲ್ಲ. ಬಾಗಿಲಿಗೆ ತಗುಲಿದರೆ “ಕರೆಂಟ್ ಹೊಡೀತು” ಅಂತಾರೆ. ಹೊಡೆದವನು ನಾನು, ಹೆಸರು ಕರೆಂಟಿಗೆ!’

‘ಮೂಲ ಊರು?’

‘ಕುತ್ತಿಗೆ. ಅಲ್ಲಿಂದ ಹೊರಟ ಐದು ಬೇರು ಕೂಡಿ, ಮತ್ತೆ ಕವಲೊಡೆಯುತ್ತವೆ. ಹುಬ್ಬಳ್ಳಿ ದಾರಿಯಿಂದ ಶಿವಮೊಗ್ಗದ ಹಳಿ ಬೇರೆಯಾಗೋಕೆ ನಿಮ್ಮ ಬೀರೂರು ಹೇಗೋ, ನಮಗೆ ಕಂಕುಳು ಹಾಗೆ. ರೇಡಿಯಲ್ ಮುಂಗೈಯ ಹಿಂಬದಿಗೆ, ಮೀಡಿಯನ್ ನಡುವಿಗೆ, ನಾನು ಕಿರುಬೆರಳ ಕಡೆಗೆ.’

‘ಮುಂಗೈಯಲ್ಲಿ ನಿಮ್ಮ ಆಸ್ತಿ?’

‘ಒಂದೂವರೆ ಸ್ನಾಯು.’

ವರದಿಗಾರ ನಕ್ಕುಬಿಟ್ಟ. ನರಕ್ಕೆ ಸಿಟ್ಟು ಬಂತು. ‘ಅಂಗೈಗೆ ಬನ್ನಿ ಸ್ವಾಮಿ, ಲೆಕ್ಕ ಹಾಕೋಣ. ಬೆರಳು ಅಗಲಿಸೋದು, ಜೋಡಿಸೋದು, ಬೀಗದ ಕೈ ಹಿಡಿಯೋದು ಎಲ್ಲಕ್ಕೂ ನಾನೇ. ಅಲ್ಲಿನ ಸಣ್ಣ ಸ್ನಾಯುಗಳಲ್ಲಿ ಮೀಡಿಯನ್‌ಗೆ ಸಾಮಾನ್ಯವಾಗಿ ಐದು, ಮಿಕ್ಕಿದ್ದೆಲ್ಲ ನನ್ನದು. ಪ್ರಚಾರ ಮಾತ್ರ ಅವನಿಗೆ.’

ಈ ಹೊಟ್ಟೆಕಿಚ್ಚಿಗೆ ಕಾರಣವಿದೆ. ತರೀಕೆರೆ ಕಡೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವರ ಮಣಿಕಟ್ಟು ದಿನವಿಡೀ ಬಾಗುತ್ತಲೇ ಇರುತ್ತದೆ. ಮಣಿಕಟ್ಟಿನ ಸುರಂಗದಲ್ಲಿ 9 ಸ್ನಾಯುರಜ್ಜುಗಳ ಜೊತೆ ನುಸುಳುವ ಮೀಡಿಯನ್ ಅಲ್ಲಿ ಒತ್ತಿಹೋದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ನಡುರಾತ್ರಿ ನಿದ್ದೆ ಕೆಡುತ್ತದೆ. ಬೆಳಗ್ಗೆ ಮೆಡಿಕಲ್ ಶಾಪಿನಲ್ಲಿ ಒಂದೇ ತೀರ್ಪು: ‘ನರ ವೀಕ್ನೆಸ್’. ಒಂದೇ ಮದ್ದು: ಬಿ ಕಾಂಪ್ಲೆಕ್ಸ್.

‘ನನಗೂ ಅದೇ ಮಾತ್ರೆ!’ ಅಲ್ನಾರ್ ಗೊಣಗಿತು. ‘ಯಾವ ಬೆರಳು ಅಂತ ಯಾರೂ ಕೇಳಲ್ಲ. ಕಿರುಬೆರಳು ನನ್ನದು. ಉಂಗುರಬೆರಳಿನಲ್ಲಿ ಅರ್ಧ ನನ್ನದು, ಅರ್ಧ ಅವನದು. ಅಣ್ಣತಮ್ಮಂದಿರ ಪಾಲು, ಸರ್ವೆಗೆ ಯಾರೂ ಬಂದಿಲ್ಲ.’

‘ಹಾಗಾದರೆ ನಿಮ್ಮನ್ನು ಹುಡುಕಿ ಬರುವವರೇ ಇಲ್ಲವೇ?’

ನರದ ದನಿ ಸ್ವಲ್ಪ ಇಳಿಯಿತು. ‘ಕುಷ್ಠರೋಗ ತಪಾಸಣೆ ಮಾಡುವ ವೈದ್ಯರು ಬರ್ತಾರೆ. ಮೊಳಕೈ ಹಿಂದೆ ಬೆರಳಿಟ್ಟು ನಾನು ದಪ್ಪಗಾಗಿದ್ದೀನಾ ಅಂತ ನೋಡ್ತಾರೆ. ಆ ರೋಗಾಣು ನನ್ನನ್ನು ಕೆಡಿಸಿದರೆ ಕಿರುಬೆರಳು, ಉಂಗುರಬೆರಳು ಬಾಗಿ ನಿಲ್ಲುತ್ತವೆ. ಮದ್ದು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಆದರೆ ಜನ ನಾಚಿಕೊಂಡು ಮುಚ್ಚಿಡ್ತಾರೆ, ತಡವಾದಷ್ಟೂ ಬೆರಳು ನೆಟ್ಟಗಾಗೋದು ಕಷ್ಟ.’

‘ನಮ್ಮ ಓದುಗರಿಗೆ ಏನು ಹೇಳುತ್ತೀರಿ?’

‘ಜೋಮು ಬಿಡದೆ ಇದ್ದರೆ “ನರ ವೀಕ್ನೆಸ್” ಅಂತ ಮಾತ್ರೆ ಕೇಳಬೇಡಿ. ವೈದ್ಯರ ಹತ್ತಿರ ಹೋಗಿ, ಯಾವ ಬೆರಳು ಅಂತ ತೋರಿಸಿ.’