ಆದಿತ್ಯವಾರದ ಮಟನ್ ಅಧ್ಯಕ್ಷರು

ಭಾಂಡುಪ್ ಪಶ್ಚಿಮದ ಸ್ಟೇಷನ್ ಕಡೆಯ ಮಟನ್ ಅಂಗಡಿಗಳ ಮುಂದೆ ಆದಿತ್ಯವಾರ ಬೆಳಗ್ಗೆ ನೆರೆಯುವ ಗಂಡಸರಲ್ಲಿ ನಮ್ಮ ಕರಾವಳಿಯವರೊಬ್ಬರು ಇದ್ದೇ ಇರುತ್ತಾರೆ. ಉಳಿದವರೆಲ್ಲ ಸರದಿಯಲ್ಲಿದ್ದರೆ ಇವರು ಸರದಿಯ ಪಕ್ಕದಲ್ಲಿ, ಕಡಿಯುವ ಕೊರಡಿಗೆ ಆದಷ್ಟು ಹತ್ತಿರ ನಿಂತಿರುತ್ತಾರೆ. ಮೊಣಕಾಲಿನವರೆಗಿನ ಬರ್ಮುಡಾ, ಬಟ್ಟೆಚೀಲದೊಳಗೆ ಸ್ಟೀಲ್ ಡಬ್ಬಿ, ಕಂಕುಳಲ್ಲಿ ಮಡಿಸಿದ 'ಕರ್ನಾಟಕ ಮಲ್ಲ'. ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕೂತು ವಾರದ ಆರು ದಿನ ಇಡ್ಲಿ-ವಡೆ ಮಾರುವವರು, ಸಿಯೆಟ್ ಟೈರಿನಲ್ಲೋ ಏಷ್ಯನ್ ಪೇಂಟ್ಸ್‌ನಲ್ಲೋ ಪಾಳಿ ಮುಗಿಸಿ ನಿವೃತ್ತರಾದವರು, ಬ್ಯಾಂಕಿನವರು, ಎಲ್ಲರೂ ಈ ಹುದ್ದೆಗೆ ಅರ್ಹರು. ಚಾಳಿನಿಂದ ಎಲ್.ಬಿ.ಎಸ್. ಮಾರ್ಗದ ಟವರಿಗೆ ಮನೆ ಬದಲಾಗಿದ್ದರೂ ಮಟನ್ ಅಂಗಡಿ ಮಾತ್ರ ಬದಲಾಗಿಲ್ಲ. ಕಾರು ನಿಲ್ಲಿಸಲು ಜಾಗವಿಲ್ಲದ ಓಣಿಗೆ ಇವರು ಈಗಲೂ ರಿಕ್ಷಾ ಹಿಡಿದು ಬರುತ್ತಾರೆ. ಮಗ ಮೊಬೈಲ್ ಎತ್ತಿ, "ಪಪ್ಪಾ, ಆ್ಯಪ್‌ನಲ್ಲಿ ಅರ್ಧ ಗಂಟೆಯಲ್ಲಿ ಮನೆಗೇ ಬರುತ್ತದೆ" ಎಂದರೆ, "ಬರುತ್ತದೆ, ಏನು ಬರುತ್ತದೆ ಎಂದು ನೋಡಿದವರು ಯಾರು?" ಎನ್ನುತ್ತಾರೆ. ಇವರು ಮಾಂಸ ಬಲ್ಲವರೆಂದು ಮನೆಯವರು ನಂಬಿದ್ದಾರೆ, ಸೊಸೈಟಿಯವರು ನಂಬಿದ್ದಾರೆ, ಎಲ್ಲರಿಗಿಂತ ಗಟ್ಟಿಯಾಗಿ ಇವರೇ ನಂಬಿದ್ದಾರೆ. ನನ್ನ ವಾದ ಸ್ವಲ್ಪ ಬೇರೆ. ಇವರಿಗೆ ಮಾಂಸದ ವಿಷಯ ಅಷ್ಟೇನೂ ತಿಳಿಯದು. ಹಾಗಿದ್ದೂ ಪ್ಯಾಕೆಟ್ ಮಾಂಸ ಬಿಟ್ಟು ಅಂಗಡಿಯ ಕಸಾಯಿ ಭಾಯ್ ಹತ್ತಿರ ಹೋಗುವುದರಲ್ಲಿ ತಪ್ಪಿಲ್ಲ.

ಮೊದಲು ಇವರ ಪರೀಕ್ಷೆಗಳನ್ನೇ ಪರೀಕ್ಷಿಸೋಣ. ಕೊಕ್ಕೆಗೆ ನೇತು ಹಾಕಿದ ದೇಹವನ್ನು ಇವರು ಮೇಲಿನಿಂದ ಕೆಳಗೆ ನೋಡುತ್ತಾರೆ. ಹೋತವೇ ಎಂಬುದಕ್ಕೆ ಸಾಕ್ಷಿಯಾಗಿ ಕಸಾಯಿಗಳು ಕಡಿಯದೆ ಉಳಿಸಿರುವ ಅಂಗವನ್ನು ಗಂಭೀರವಾಗಿ, ಯಾರೂ ನಗದಂತೆ, ಗಮನಿಸುತ್ತಾರೆ. ಇದೊಂದು ಪರೀಕ್ಷೆಗೆ ಅರ್ಥವಿದೆ, ಪ್ಯಾಕೆಟ್ ಯಾವತ್ತೂ ಇಂಥ ಸಾಕ್ಷಿ ಒದಗಿಸುವುದಿಲ್ಲ. ಮುಂದಿನದು ಬಣ್ಣ. "ಕಪ್ಪಾಗಿದೆ, ನಿನ್ನೆಯದು" ಎಂದು ಸೂಪರ್‌ಮಾರ್ಕೆಟ್ಟಿನ ಪ್ಯಾಕೆಟ್ಟನ್ನು ತಳ್ಳಿಹಾಕುವ ಇವರಿಗೆ, ಸ್ನಾಯುವಿನ ಮಯೋಗ್ಲೋಬಿನ್ ಗಾಳಿ ತಗಲಿದರೆ ಕೆಂಪಾಗಿ, ಗಾಳಿ ತೆಗೆದ ಪ್ಲಾಸ್ಟಿಕ್ಕಿನೊಳಗೆ ನೇರಳೆಗಪ್ಪಾಗಿ ಕಾಣುತ್ತದೆಂಬುದು ಗೊತ್ತಿಲ್ಲ. ಬಿಚ್ಚಿ ಸ್ವಲ್ಪ ಹೊತ್ತು ತಟ್ಟೆಯಲ್ಲಿಟ್ಟರೆ ಆ ಕಪ್ಪೂ ಕೆಂಪಾದೀತು, ಬಿಚ್ಚುವಷ್ಟು ಸಹನೆ ಇವರಿಗಿಲ್ಲ. ಕೊನೆಗೆ ಬೆರಳಿನಿಂದ ಒತ್ತಿ, "ಇವತ್ತಿನದು, ಬೆಣ್ಣೆಯ ಹಾಗೆ ಬೇಯುತ್ತದೆ" ಎಂಬ ತೀರ್ಪು. ಇದು ಅರ್ಧ ತಪ್ಪು. ಕಡಿದ ಕೆಲವು ಗಂಟೆಗಳಲ್ಲಿ ಸ್ನಾಯು ಸೆಟೆದುಕೊಳ್ಳುತ್ತದೆ, ತಂಪಿನಲ್ಲಿ ದಿನವೊಂದೆರಡು ಇಟ್ಟರೆ ತಾನಾಗಿ ಸಡಿಲುತ್ತದೆ. ಆದ್ದರಿಂದ ತಾಜಾ ಮಾಂಸವೇ ಮೃದು ಎಂಬ ಸೂತ್ರ ಶಾಸ್ತ್ರದಲ್ಲಿ ನಿಲ್ಲುವುದಿಲ್ಲ. ಉಳಿದರ್ಧ ಇವರ ಪರವಾಗಿದೆ. ನ್ಯೂಜಿಲೆಂಡಿನ ವಿಜ್ಞಾನಿಗಳಾದ ಲಾಕರ್ ಮತ್ತು ಹ್ಯಾಗ್ಯಾರ್ಡ್ 1963ರಲ್ಲಿ ದನದ ಸ್ನಾಯುಗಳ ಮೇಲೆ ತೋರಿಸಿಕೊಟ್ಟಂತೆ, ಸೆಟೆಯುವುದಕ್ಕೆ ಮೊದಲೇ ಮಾಂಸವನ್ನು ಅವಸರದಲ್ಲಿ ತಣ್ಣಗಾಗಿಸಿದರೆ ಅದು ಮುದುಡಿ ಗಡುಸಾಗುತ್ತದೆ. ಆಡಿನಂಥ ಸಣ್ಣ, ಕೊಬ್ಬು ಕಡಿಮೆಯಿರುವ ಪ್ರಾಣಿಯ ದೇಹ ಬೇಗ ತಣ್ಣಗಾಗುವುದರಿಂದ ಅಪಾಯ ಅದಕ್ಕೇ ಹೆಚ್ಚು. ಹೇಗೂ ಭಾಂಡುಪ್‌ನ ಅಡುಗೆಮನೆಯಲ್ಲಿ ಕುಕ್ಕರಿನ ಆರನೆಯ ಸೀಟಿಗೆ ನ್ಯೂಜಿಲೆಂಡಿನ ಶಾಸ್ತ್ರವೂ ನಮ್ಮವರ ಬೆರಳೂ ಸಮಸಮ ಬೆಂದಿರುತ್ತವೆ.

ಅಂದರೆ ಇವರ ಪಾಂಡಿತ್ಯದಿಂದ ಮಾಂಸ ಚೆನ್ನಾಗಿ ಬರುತ್ತಿಲ್ಲ. ಮತ್ತೆ ಯಾಕೆ ಚೆನ್ನಾಗಿ ಬರುತ್ತದೆ? ಅಮೆರಿಕದ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಸಂತೆಯ ಬಗ್ಗೆ ಒಂದು ಪ್ರಬಂಧ ಬರೆದರು, ಮುಂದೆ 2001ರ ಅರ್ಥಶಾಸ್ತ್ರದ ನೊಬೆಲ್ಲಿನಲ್ಲಿ ಅವರಿಗೊಂದು ಪಾಲು ಸಿಕ್ಕಿತು. ಮಾಲಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ ಎಂದಾದರೆ ಸಂತೆಯಲ್ಲಿ ಕೆಟ್ಟ ಮಾಲೇ ಉಳಿಯುತ್ತದೆ ಎಂಬುದು ಅದರ ತಿರುಳು. ಮಾಂಸದಂಗಡಿಗಿಂತ ಒಳ್ಳೆಯ ಉದಾಹರಣೆ ಅವರಿಗೆ ಸಿಗುತ್ತಿರಲಿಲ್ಲ, ಪಾಪ, ಕಾರಿನ ಹಿಂದೆ ಹೋದರು. ಈ ಅಜ್ಞಾನಕ್ಕೆ ಪರಿಹಾರವಾಗಿ ಸೂಪರ್‌ಮಾರ್ಕೆಟ್ ಕೊಡುವುದು ಲೇಬಲ್ಲು ಮತ್ತು ಬ್ರ್ಯಾಂಡು. ಭಾಂಡುಪ್‌ನ ಓಣಿ ಕೊಡುವುದು ಮುಂದಿನ ಆದಿತ್ಯವಾರ. ಇವರಿಗೆ ಏನೂ ತಿಳಿಯದು ಎಂಬುದು ಭಾಯ್‌ಗೆ ಚೆನ್ನಾಗಿ ಗೊತ್ತು. ಆದರೆ ಇವರು ಮನೆಗೆ ಹೋಗಿ ಡಬ್ಬಿ ಬಿಚ್ಚಿದಾಗ ನೋಡುವ ಕಣ್ಣು ಬೇರೆಯವರದು ಎಂಬುದೂ ಗೊತ್ತು. ನಿಜವಾದ ಆಡಿಟ್ ನಡೆಯುವುದು ಅಲ್ಲಿ. "ಇವರೇ, ಅರ್ಧ ಕಿಲೋ ಮೂಳೆಗೆ ದುಡ್ಡು ಕೊಟ್ಟು ಬಂದಿರಾ?" ಎಂಬ ಒಂದು ಮಾತು ಏಳು ದಿನ ಹುಳಿಯಾಗುತ್ತ ಮುಂದಿನ ವಾರ ಕೊರಡಿನ ಮುಂದೆ ಬಂದು ನಿಲ್ಲುತ್ತದೆ: "ಭಾಯ್, ಪಿಛಲೀ ಬಾರ್ ಹಡ್ಡಿ ಬಹುತ್ ಥಾ." ಭಾಯ್ ಉತ್ತರಿಸುವುದಿಲ್ಲ, "ಅಣ್ಣಾ" ಎಂದು ಒಂದು ತುಂಡು ಕಲೇಜಿ ಬಿಟ್ಟಿಯಾಗಿ ತಕ್ಕಡಿಗೆ ಎಸೆಯುತ್ತಾನೆ. ದೂರು, ವಿಚಾರಣೆ, ಪರಿಹಾರ ಎಲ್ಲ ಅರ್ಧ ನಿಮಿಷದಲ್ಲಿ ಮುಗಿಯಿತು. ಯಾವ ಗ್ರಾಹಕ ನ್ಯಾಯಾಲಯಕ್ಕೆ ಈ ವೇಗವಿದೆ?

ಕಡಿತದ ವಿಷಯಕ್ಕೆ ಬಂದರೆ ಪ್ಯಾಕೆಟ್ಟಿನ ಬಡತನ ಬಯಲಾಗುತ್ತದೆ. 2015ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಲಿಷಿಯಸ್‌ನಂಥ ಕಂಪನಿಗಳು ಮುಂಬಯಿಯಲ್ಲೂ ಮನೆಬಾಗಿಲಿಗೆ ಮಾಂಸ ತರುತ್ತವೆ, ಅಚ್ಚುಕಟ್ಟಾಗಿಯೇ ತರುತ್ತವೆ. ಪ್ಯಾಕೆಟ್ಟಿನ ಮೇಲೆ ಬರೆದಿರುವುದು 'ಕರಿ ಕಟ್'. ಯಾರ ಕರಿ? ಸುಕ್ಕಕ್ಕೆ ಮಸಾಲೆ ಹಿಡಿಯುವಂಥ ಸಣ್ಣ ತುಂಡು ಬೇಕು, ಬಿರಿಯಾನಿಗೆ ಮುಷ್ಟಿ ತುಂಬುವಂಥದ್ದು, ಸಾರಿಗೆ ರಸ ಬಿಡುವ ಮೂಳೆ. ಊರಿನಿಂದ ಭಾವ ಬಂದಿದ್ದರೆ ಅವರ ತಟ್ಟೆಗೆ ನಲ್ಲಿ ಮೂಳೆ ಬೀಳಲೇಬೇಕು, ಇಲ್ಲದಿದ್ದರೆ ಆ ಸಂಗತಿ ಭಾವನಿಗಿಂತ ಮೊದಲು ಊರು ಮುಟ್ಟುತ್ತದೆ. ನಮ್ಮ ಅಧ್ಯಕ್ಷರು ಒಂದು ಕಿಲೋವನ್ನು ಬಜೆಟ್ ಮಂಡಿಸುವಂತೆ ವಿಂಗಡಿಸುತ್ತಾರೆ: ಚಾಪ್ ನಾಲ್ಕು, ಸೀನಾ ಸ್ವಲ್ಪ, ನಲ್ಲಿ ಎರಡು, ಗರ್ದನ್ ಬೇಡ, ಚರ್ಬಿ ಅಜ್ಜಿಗೆ ಬೇಕಾದಷ್ಟು, ಉಳಿದದ್ದು ರಾನ್. ಹಿಂದೆ ನಿಂತ ಎಂಟು ಜನ ನಿಟ್ಟುಸಿರು ಬಿಟ್ಟರೆ ಇವರಿಗೆ ಕೇಳಿಸುವುದಿಲ್ಲ. ಇದನ್ನು ಹಮ್ಮು ಎನ್ನಬಹುದು, ನಾನೂ ಅನ್ನುತ್ತೇನೆ. ಆದರೆ ಮನೆಯ ಅಜ್ಜಿಯ ಹಲ್ಲು, ಭಾವನ ಮರ್ಯಾದೆ, ಮಗಳ ಡಯಟ್ ಇಷ್ಟನ್ನೂ ಒಂದೇ ಕಿಲೋದಲ್ಲಿ ಹೊಂದಿಸುವ ಕೆಲಸ ಐನೂರು ಗ್ರಾಮಿನ ಪೊಟ್ಟಣದಿಂದ ಆಗದು.

ಇದಕ್ಕೆ ಎದುರಾಗಿ ಬರುವ ದೊಡ್ಡ ಆಕ್ಷೇಪ ಶುಚಿತ್ವದ್ದು, ಅದು ಸುಳ್ಳಲ್ಲ. ಬಿಸಿಲಿಗೆ ತೆರೆದ ಅಂಗಡಿ, ನೊಣ, ಒಂದೇ ಕೊರಡು, ಒಂದೇ ಬಟ್ಟೆ. ಮಾಂಸವನ್ನು 4 ಡಿಗ್ರಿಯೊಳಗೆ ಇಡಬೇಕೆಂಬ ನಿಯಮಕ್ಕೆ ಕಾರಣವಿದೆ, ಬೆಚ್ಚಗಿನ ಮಾಂಸದಲ್ಲಿ ಸೂಕ್ಷ್ಮಜೀವಿಗಳು ಬೇಗ ಬೇಗ ಇಮ್ಮಡಿಸುತ್ತವೆ. ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಇದೇ ಅಂಗಡಿಯಿಂದ ಕೊಳ್ಳುವವರಿಗೆ ನಾನು ಪ್ಯಾಕೆಟ್ಟನ್ನೇ ಶಿಫಾರಸು ಮಾಡುತ್ತೇನೆ. ಆದರೆ ನಮ್ಮವರು ಎರಡು ಗಂಟೆಗೆ ಹೋಗುವವರಲ್ಲ. ಗೋವಂಡಿಯ ಪಕ್ಕದ ದೇವನಾರಿನಲ್ಲಿ 1971ರಿಂದ ನಡೆಯುತ್ತಿರುವ ಮಹಾನಗರಪಾಲಿಕೆಯ ಕಸಾಯಿಖಾನೆಯಲ್ಲಿ ಪಶುವೈದ್ಯರ ತಪಾಸಣೆ, ಮೈಮೇಲೆ ಮುದ್ರೆ ಎಂಬ ವ್ಯವಸ್ಥೆಯಿದೆ. ಬೆಳಗಿನ ಜಾವ ಬಂದದ್ದು ಎಂಟಕ್ಕೆ ಡಬ್ಬಿಯಲ್ಲಿ, ಹತ್ತಕ್ಕೆ ಕುಕ್ಕರಿನಲ್ಲಿ, ಒಂದಕ್ಕೆ ತಟ್ಟೆಯಲ್ಲಿ. ಹಾಳಾಗಲು ಬಿಡುವೇ ಸಿಗದ ಮಾಂಸವಿದು. ತಂಪಿನ ಸರಪಳಿ ಬೇಕಾಗುವುದು ಮಾಂಸ ದೂರದಿಂದ ಬರುವಾಗ, ತಡವಾಗಿ ಮಾರಾಟವಾಗುವಾಗ. ಆ ಸರಪಳಿಯಲ್ಲೂ ಒಂದು ಕೊಂಡಿ ಇದೆ: ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದ ಹುಡುಗನ ಬೆನ್ನಚೀಲ. ಅದರ ಉಷ್ಣತೆ ಯಾವ ಲೇಬಲ್ಲಿನ ಮೇಲೂ ಅಚ್ಚಾಗಿರುವುದಿಲ್ಲ. ಇನ್ನು ಪರಿಸರದ ಮಾತು. 2018ರಲ್ಲಿ ಮಹಾರಾಷ್ಟ್ರ ಪ್ಲಾಸ್ಟಿಕ್ ಚೀಲ ನಿಷೇಧಿಸಿದಾಗ ಕಪ್ಪು ಥೈಲಿ ಹೋಗಿ ಸ್ಟೀಲ್ ಡಬ್ಬಿ ಬಂದಿತು, ಇವರು ಅಂದಿನಿಂದ ಇಂದಿನವರೆಗೆ ಅದರ ಬಗ್ಗೆ ಭಾಷಣ ಮಾಡುತ್ತಿದ್ದಾರೆ. ಪ್ಯಾಕೆಟ್ಟಿನ ತಟ್ಟೆ, ಹೊದಿಕೆ, ಜೆಲ್ ಪೊಟ್ಟಣ ನೋಡಿದರೆ ಆ ಭಾಷಣ ತೀರಾ ದಂಡವಲ್ಲ.

ಕೋಳಿಯ ವಿಷಯದಲ್ಲಿ ಮಾತ್ರ ಇವರ ಕಡೆ ವಾದಿಸಲು ನನಗೆ ಮನಸ್ಸಿಲ್ಲ. ಬ್ರಾಯ್ಲರ್ ಎಲ್ಲಿ ಕೊಂಡರೂ ಬ್ರಾಯ್ಲರೇ. ಪಂಜರದೊಳಗಿನ ಮೂವತ್ತು ಕೋಳಿಗಳನ್ನು ಐದು ನಿಮಿಷ ದಿಟ್ಟಿಸಿ "ಓ ಅದು" ಎಂದು ಬೆರಳು ತೋರಿಸುವುದರಲ್ಲಿ ಗತ್ತಿದೆ, ಲಾಭವಿಲ್ಲ. ಜೀವಂತ ತೂಕಕ್ಕೆ ದುಡ್ಡು ಕೊಟ್ಟು, ಪುಕ್ಕ-ಕರುಳು ಕಳೆದ ಮೇಲೆ ಮೂರನೇ ಒಂದು ಪಾಲಿನ ಹತ್ತಿರ ಅಂಗಡಿಯಲ್ಲೇ ಬಿಟ್ಟು ಬಂದು, "ಪ್ಯಾಕೆಟ್ಟಿಗಿಂತ ಸೋವಿ" ಎನ್ನುವ ಲೆಕ್ಕ ಗಲ್ಲೆಯಲ್ಲಿ ಕೂತವರಿಗೆ ಶೋಭಿಸುವುದಿಲ್ಲ. ಕೋರಿ-ರೊಟ್ಟಿಗೆ ಊರ ಕೋಳಿಯೇ ಬೇಕೆಂದು ಹೊರಟು, ಬ್ರಾಯ್ಲರ್ ಕೋಳಿಯನ್ನೇ 'ಗಾವಠಿ' ಎಂದು ನಂಬಿ ತಂದವರೂ ಇದೇ ಪಂಥದವರು.

ಇದಕ್ಕಿಂತ ಚುಚ್ಚುವ ಆಕ್ಷೇಪ ಇನ್ನೊಂದಿದೆ. ಈ ವ್ಯವಸ್ಥೆ ಹಳಬರಿಗೆ ಸರಿ, ನಿನ್ನೆ ಬಾಡಿಗೆಗೆ ಬಂದ ಹುಡುಗಿಗೆ? ಅವಳಿಗೆ ಭಾಯ್ ಇಲ್ಲ, ಕಳೆದ ವಾರವಿಲ್ಲ, ಆದ್ದರಿಂದ ಬಿಟ್ಟಿ ಕಲೇಜಿಯೂ ಇಲ್ಲ. ಅಧ್ಯಕ್ಷರು ಬೇಡವೆಂದ ಗರ್ದನ್ ಎಲ್ಲಿಗೆ ಹೋಯಿತೆಂದು ಯಾರೂ ಕೇಳುವುದಿಲ್ಲ, ಅದು ಹೋದದ್ದು ಅವಳ ಚೀಲಕ್ಕೆ. ಗಂಡಸರೇ ಮುತ್ತಿಕೊಂಡ ಆ ಕಟ್ಟೆಯ ಮುಂದೆ ಅವಳು ಧ್ವನಿ ಎತ್ತುವುದೂ ಸುಲಭವಲ್ಲ. ಮನೆ ಕೊಡುವಾಗಲೇ "ನಾನ್‌ವೆಜ್ ಮಾಡುತ್ತೀರಾ?" ಎಂದು ಕೇಳುವ ನಗರದಲ್ಲಿ, ಸದ್ದಿಲ್ಲದೆ ಬಾಗಿಲಿಗೆ ಬರುವ ಪೊಟ್ಟಣ ಅವಳಿಗೆ ದೊಡ್ಡ ಉಪಕಾರ. ಇಲ್ಲಿ ನನ್ನ ಬಳಿ ಮರುತ್ತರವಿಲ್ಲ. ಪ್ಯಾಕೆಟ್ ಎಲ್ಲರನ್ನೂ ಒಂದೇ ಸಮ ನೋಡುತ್ತದೆ, ಅದರ ಮೇಲೆ ನಮ್ಮವರ ದೂರು ಇರುವುದೂ ಅದಕ್ಕೇ.

ಇಷ್ಟೊಂದು ಕಾಳಜಿ ಒಂದು ಕಿಲೋ ಮಾಂಸಕ್ಕೆ ಯಾಕೆ ಎಂದು ಕೇಳುವವರು ಇವರ ಪಂಚಾಂಗ ನೋಡಬೇಕು. ಸೋಮವಾರ ಈಶ್ವರ, ಗುರುವಾರ ಗುರುಗಳು, ಶನಿವಾರ ಶನಿ, ನಡುವೆ ಸಂಕಷ್ಟಿ, ಏಕಾದಶಿ. ಶ್ರಾವಣ ಇಡೀ ತಿಂಗಳು ಬಂದ್, ಅದರ ಹಿಂದಿನ ದಿನಗಳಲ್ಲಿ ಮರಾಠಿಗರಿಂದ ಕಲಿತ ಗಟಾರಿಯ ಭರಾಟೆ. ತಿನ್ನಲು ಉಳಿಯುವ ದಿನಗಳು ಬೆರಳೆಣಿಕೆಯವು, ಆ ದಿನ ಮಟನ್ ಕೈಕೊಟ್ಟರೆ ತೂಗಿಸಲು ಇನ್ನೊಂದು ದಿನವಿಲ್ಲ. ಹಾಗೆಂದು ಬೇರೆಯವರು ತಿನ್ನಬೇಡಿ ಎಂದರೆ ಕೇಳುವವರಲ್ಲ. 2015ರ ಸೆಪ್ಟೆಂಬರಿನಲ್ಲಿ ಜೈನರ ಪರ್ಯೂಷಣದ ನೆಪದಲ್ಲಿ ಮುಂಬಯಿಯಲ್ಲಿ ಮಾಂಸ ಮಾರಾಟ ನಿಷೇಧಿಸಿದಾಗ ಈ ವರ್ಗದ ರಕ್ತ ಕುದಿಯಿತು. ಬಾಂಬೆ ಹೈಕೋರ್ಟು ಸೆಪ್ಟೆಂಬರ್ 17ರ ಮಾರಾಟ ನಿಷೇಧಕ್ಕೆ ತಡೆಯಾಜ್ಞೆ ಕೊಟ್ಟಿತು, ಹಕ್ಕು ಗೆದ್ದಿತು. ಆ ವರ್ಷ ಗಣೇಶ ಚೌತಿ ಬಿದ್ದದ್ದೂ ಅದೇ ದಿನ. ಗೆದ್ದ ಹಕ್ಕನ್ನು ಮನೆಯಲ್ಲಿಟ್ಟು ಎಲ್ಲರೂ ಕಡುಬು ತಿಂದರು.

ದೊಡ್ಡ ಅಂಗಡಿಗಳಿಗೂ ಇದೆಲ್ಲ ಅರ್ಥವಾಗಿರಬೇಕು. ಕೆಲವು ಹೈಪರ್‌ಮಾರ್ಕೆಟ್ಟುಗಳಲ್ಲಿ ಈಗ ಗಾಜಿನ ಹಿಂದೆ ಟೊಪ್ಪಿ-ಕೈಗವಸು ಹಾಕಿದ ಹುಡುಗನೊಬ್ಬ ಕತ್ತಿ ಹಿಡಿದು ನಿಂತಿರುತ್ತಾನೆ, ಬೇಕಾದಂತೆ ಕಡಿದು ಕೊಡುತ್ತಾನೆ. ತಂಪೂ ಉಂಟು, ಕಡಿತವೂ ಉಂಟು. ನನ್ನ ವಾದಕ್ಕೆ ಇದು ಕೊನೆಯ ಪರೀಕ್ಷೆ. ಸೊಸೆಯ ಒತ್ತಾಯಕ್ಕೆ ನಮ್ಮವರು ಅಲ್ಲಿಗೂ ಹೋಗುತ್ತಾರೆ. "ಕರಿ ಕಟ್ ಯಾ ಬಿರಿಯಾನಿ ಕಟ್, ಸರ್?" ಎಂದು ಅವನು ಕೇಳಿದರೆ ಇವರ ಉತ್ತರ "ಗಾಂವ್ ಕಹಾಂ ಹೈ ತುಮ್ಹಾರಾ?" ಅವನು ನಾಚಿಕೊಂಡು ಊರು ಹೇಳುತ್ತಾನೆ. ಎರಡನೆಯ ವಾರಕ್ಕೆ ಗರ್ದನ್ ಬೇಡವೆಂಬುದು ಅವನಿಗೆ ಗೊತ್ತಾಗಿರುತ್ತದೆ. ಮೂರನೆಯ ವಾರ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಇವರು ನಲ್ಲಿಯ ಮಾತೆತ್ತಬೇಕೆನ್ನುವಷ್ಟರಲ್ಲಿ ಟೊಪ್ಪಿಯೊಳಗಿನ ಮುಖ ಬೇರೆ. ಮೊದಲಿನವನನ್ನು ಕಂಪನಿ ಠಾಣೆಯ ಶಾಖೆಗೆ ಹಾಕಿದೆಯಂತೆ.